ಮೇಷ್ಟ್ರ ಅಕೌಂಟು

ಆ ಬೆಳಿಗ್ಗೆ ಆಡಿಟರು ಒಬ್ಬ ನೌಕರನನ್ನು ಹೊಗಳಿದರು. ಅನಾಹುತ ಶುರುವಾದದ್ದೇ ಅಲ್ಲಿಂದ.

ಹೊಗಳುವುದು ಅವರ ಅಭ್ಯಾಸವಲ್ಲ. ವಾರದಿಂದ ಆ ಪಾರ್ಸೆಲ್ ಕಂಪನಿಯ ಮೇಲಿನ ಮಹಡಿಯಲ್ಲಿ ಕುಳಿತು, ಡೇಟಾಬೇಸಿನಲ್ಲಿ ಯಾರಿಗೆ ಏನನ್ನು ನೋಡುವ, ತಿದ್ದುವ, ಅಳಿಸುವ ಅಧಿಕಾರವಿದೆ ಎಂದು ತಪಾಸಣೆ ಮಾಡುತ್ತಿದ್ದರು. ಹಲ್ಲುನೋವಿನವನು ಊಟಕ್ಕೆ ಕುಳಿತಂತೆ ಇರುತ್ತಿತ್ತು ಅವರ ಮುಖ. ಅಂಥವರು ಅಂದು ಪರದೆಯನ್ನು ನೋಡುತ್ತ ನೋಡುತ್ತ ಮುಗುಳ್ನಕ್ಕರು. ಎದುರು ಕುಳಿತಿದ್ದ ಚಿಲಕ ಕುರ್ಚಿಯ ಅಂಚಿಗೆ ಸರಿದ.

ಡೇಟಾಬೇಸ್ ಎಂದರೆ ಕಂಪನಿಯ ಉಗ್ರಾಣ. ಯಾವ ಪಾರ್ಸೆಲ್ ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು, ಯಾರ ಸಂಬಳವೆಷ್ಟು, ಯಾವ ಗಿರಾಕಿ ಯಾರನ್ನು ಏನೆಂದು ಬೈದ, ಎಲ್ಲವೂ ಅದರ ಹೊಟ್ಟೆಯೊಳಗೆ. ಆ ಉಗ್ರಾಣದ ಬಾಗಿಲು ಕಾಯುವವನೇ ಚಿಲಕ. ಇದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಸಹೋದ್ಯೋಗಿಗಳು ಕಟ್ಟಿದ್ದು. ಬಾಗಿಲು ಭದ್ರ ಮಾಡುತ್ತಾನೆಂದು ಬಂದ ಬಿರುದೆಂದು ಯಾರೂ ತಿಳಿಯಬಾರದು. ಯಾರು ತಟ್ಟಿದರೂ ಕಳಚಿಕೊಳ್ಳುತ್ತಾನೆಂದು ಬಂದದ್ದು. ಮುಂಬಾಗಿಲಿನ ರಿಸೆಪ್ಷನಿಸ್ಟ್ ಒಮ್ಮೆ ತನ್ನ ಚಿಕ್ಕಮ್ಮನ ಪಾರ್ಸೆಲ್ ಎಲ್ಲಿದೆ ಎಂದು ನೋಡಬೇಕೆಂದಾಗ, ಚಿಲಕ ಆಕೆಗೆ ಇಡೀ ಕಂಪನಿಯ ಪಾರ್ಸೆಲ್ಲುಗಳನ್ನು ಅಳಿಸಿಹಾಕುವ ಅಧಿಕಾರವನ್ನೇ ಕೊಟ್ಟುಬಿಟ್ಟಿದ್ದ. ಕ್ಯಾಂಟೀನಿನವನು ಯಾರು ಎಷ್ಟು ಟೀ ಕುಡಿದರೆಂದು ತಿಳಿಯಬೇಕೆಂದದ್ದಕ್ಕೆ ಎಲ್ಲರ ಸಂಬಳ ತಿದ್ದುವ ಶಕ್ತಿ ಅವನ ಕೈಸೇರಿತ್ತು. ಪುಣ್ಯಕ್ಕೆ ಅವನು ಸಜ್ಜನ. ತನಗೆ ಅಂಥ ಶಕ್ತಿ ಇದೆಯೆಂಬುದೇ ಅವನಿಗೆ ತಿಳಿದಿರಲಿಲ್ಲ.

ಈಚೆಗೆ ಬಂದ ಹೊಸ ಮ್ಯಾನೇಜರು ಚಿಲಕನನ್ನು ಕರೆದು ಒಂದು ಮಾತು ಹೇಳಿದ್ದರು. "ನೋಡ್ರೀ, ಆಡಿಟ್ ಕ್ಲೀನಾಗಿ ಮುಗೀಲಿ, ಮಾರನೇ ದಿನದಿಂದಲೇ ನಿಮಗೆ ಹದಿನೈದು ದಿನ ರಜೆ. ಒಂದೇ ಒಂದು ತಪ್ಪು ಸಿಕ್ಕಿದ್ರೂ ರಜೆ ಅನ್ನೋ ಪದಾನೇ ಮರೆತುಬಿಡಿ."

ಮದುವೆಯಾದಾಗಿನಿಂದ ಚಿಲಕ ರಜೆಯ ಮುಖ ಕಂಡಿರಲಿಲ್ಲ. ಸಮುದ್ರ ತೋರಿಸುತ್ತೇನೆಂದು ಹೆಂಡತಿಗೆ ಕೊಟ್ಟ ಮಾತು ಪ್ರತಿ ಬೇಸಿಗೆಯಲ್ಲೂ ಮುಂದಕ್ಕೆ ಹೋಗುತ್ತಿತ್ತು. ಅವನು ತಿಂಗಳಿಡೀ ಕುಳಿತು, ಹಿಂದೆ ದಾನ ಮಾಡಿದ್ದ ಅಧಿಕಾರಗಳನ್ನೆಲ್ಲ ಒಂದೊಂದಾಗಿ ಕಿತ್ತುಕೊಂಡ. ಅದರಿಂದ ಇಡೀ ಕಚೇರಿ ಅವನ ಮೇಲೆ ಹಲ್ಲು ಕಡಿಯುತ್ತಿತ್ತು. "ನಾನೇನು ಕಳ್ಳಿನಾ?" ಎಂದು ಕೇಳಿದ ರಿಸೆಪ್ಷನಿಸ್ಟ್ ಅಂದಿನಿಂದ ಅವನ ಫೋನುಗಳನ್ನು ಗೋದಾಮಿಗೆ ತಿರುಗಿಸುತ್ತಿದ್ದಳು. ಆದರೂ ಚಿಲಕ ಜಗ್ಗಲಿಲ್ಲ. ಹೆಂಡತಿ ಆಡಿಟ್ ಮುಗಿಯುವ ಮಾರನೆಯ ಬೆಳಗಿನ ರೈಲಿಗೆ ಟಿಕೆಟ್ ತೆಗೆಸಿಯೇ ಬಿಟ್ಟಿದ್ದಳಲ್ಲ!

"ಇವರು ಯಾರ್ರೀ?" ಎಂದು ಆಡಿಟರು ಪರದೆಯ ಮೇಲೆ ಬೆರಳಿಟ್ಟು ಕೇಳಿದರು. "ಎಂಥ ಕೆಲಸಗಾರ! ರಾತ್ರಿ ಇಲ್ಲ ಹಗಲಿಲ್ಲ, ಭಾನುವಾರ ಇಲ್ಲ. ಒಂದು ಸಲನೂ ಪಾಸ್‌ವರ್ಡ್ ತಪ್ಪಾಗಿ ಒತ್ತಿಲ್ಲ. ತನಗೆ ಸಂಬಂಧ ಇಲ್ಲದ್ದನ್ನ ಇಣುಕಿ ನೋಡಿಲ್ಲ. ಉಳಿದೋರೆಲ್ಲ ಪಕ್ಕದ ಮೇಜಿನವರ ಸಂಬಳ ನೋಡೋಕೇ ಹುಟ್ಟಿದ ಹಾಗಿದಾರೆ. ಕರೀರಿ ಇವರನ್ನ, ಕೈ ಕುಲುಕಬೇಕು ನಾನು."

ಚಿಲಕ ಬಗ್ಗಿ ನೋಡಿದ. ಅಲ್ಲಿದ್ದದ್ದು ಮೇಷ್ಟ್ರ ಹೆಸರು.

ಮೇಷ್ಟ್ರು ಶಾಲೆಯ ಮೇಷ್ಟ್ರಲ್ಲ. ಆ ಡೇಟಾಬೇಸನ್ನು ಕಟ್ಟಿದವರು, ಚಿಲಕನಿಗೆ ಕೈಹಿಡಿದು ಕೆಲಸ ಕಲಿಸಿದವರು. ಪಾರ್ಸೆಲ್ ಎಣಿಸುವ, ತೂಗುವ, ಲಾರಿಗೆ ಹಂಚುವ ಪ್ರೋಗ್ರಾಮುಗಳಿಗೆ ಉಗ್ರಾಣದೊಳಗೆ ಹೋಗಲು ಒಂದೊಂದು ಬೇರೆ ಅಕೌಂಟ್ ಮಾಡಬೇಕಿತ್ತು. ಮೇಷ್ಟ್ರು ಧಾರಾಳ ಮನುಷ್ಯ. "ಅದೆಲ್ಲ ಯಾಕೆ, ನನ್ನ ಹೆಸರಲ್ಲೇ ಹೋಗಿ ಬರ್ಲಿ" ಎಂದು ಎಲ್ಲಕ್ಕೂ ತಮ್ಮ ಅಕೌಂಟನ್ನೇ ಕೊಟ್ಟರು. ಅವು ಇಂದಿಗೂ ಅವರ ಹೆಸರಿನಲ್ಲೇ ಹೋಗಿ ಬರುತ್ತಿವೆ. ಮೇಷ್ಟ್ರು ಮಾತ್ರ ತೀರಿಕೊಂಡು ಎರಡು ವರ್ಷವಾಗಿತ್ತು.

ಕಂಪನಿ ಬಿಟ್ಟವರ ಅಕೌಂಟನ್ನು ಬಿಟ್ಟ ದಿನವೇ ಮುಚ್ಚಬೇಕೆಂಬುದು ನಿಯಮ. ಒಂದು ತೆರೆದಿದ್ದರೂ ಆಡಿಟ್ ಬಿದ್ದುಹೋಗುತ್ತದೆ. ಲೋಕವನ್ನೇ ಬಿಟ್ಟವರ ಅಕೌಂಟ್ ತೆರೆದಿದ್ದರೆ ಏನಾದೀತು? ಚಿಲಕನ ಕಣ್ಣ ಮುಂದೆ ಸಮುದ್ರ ಸರ್ರನೆ ಹಿಂದೆ ಸರಿಯಿತು.

"ಸರ್, ಮೇಷ್ಟ್ರು... ಇವತ್ತು ಬಂದಿಲ್ಲ" ಎಂದ. ಸುಳ್ಳೇನೂ ಅಲ್ಲ.

"ಫೋನ್ ಮಾಡಿ."

"ಫೋನ್ ಎತ್ತಲ್ಲ ಸರ್ ಅವರು."

"ಕೆಲಸದಲ್ಲಿ ಮುಳುಗಿರ್ತಾರೆ. ಅಂಥೋರು ಹಾಗೇ" ಎಂದು ಆಡಿಟರು ತಲೆದೂಗಿದರು. "ಪರವಾಗಿಲ್ಲ. ಸಂಜೆ ಕೊನೇ ಮೀಟಿಂಗಿಗೆ ಕರೆಸಿ. ನಿಮ್ಮ ಅಕೌಂಟುಗಳಲ್ಲಿ ನಾನು ಖುದ್ದಾಗಿ ನೋಡಬೇಕು ಅಂತಿರೋದು ಇವರೊಬ್ಬರನ್ನೇ."

ಚಿಲಕ ತನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡ. ಸಂಜೆಯ ಮೀಟಿಂಗಿಗೆ ಮೊದಲೇ ಅಕೌಂಟನ್ನು ಮುಚ್ಚಿಬಿಟ್ಟರೆ? ಕೇಳಿದರೆ, ಅವರು ಇವತ್ತೇ ಕೆಲಸ ಬಿಟ್ಟರು ಎಂದರಾಯಿತು. ಪ್ರೋಗ್ರಾಮುಗಳಿಗೆ ತನ್ನದೇ ಒಂದು ಹೊಸ ಅಕೌಂಟ್ ಕೊಟ್ಟರಾಯಿತು. ಅಷ್ಟು ಸುಲಭದ ಉಪಾಯ ಇಷ್ಟು ದಿನ ಯಾಕೆ ಹೊಳೆಯಲಿಲ್ಲವೆಂದು ತನ್ನನ್ನೇ ಬೈದುಕೊಂಡು, ಮನಸ್ಸಿನಲ್ಲೇ ಮೇಷ್ಟ್ರಿಗೆ ಕೈಮುಗಿದು, ಗುಂಡಿ ಒತ್ತಿದ.

ಆ ಉಪಾಯ ಅಷ್ಟು ದಿನ ಯಾಕೆ ಹೊಳೆದಿರಲಿಲ್ಲ ಎಂಬುದು ಕೂಡಲೇ ತಿಳಿಯಿತು. ಕೆಳಗಿನ ಗೋದಾಮಿನಲ್ಲಿ ಹಗಲಿರುಳೂ ಗೊರಗೊರ ಎನ್ನುತ್ತಿದ್ದ ಬೆಲ್ಟು ಒಮ್ಮೆ ಬಿಕ್ಕಳಿಸಿ ನಿಂತಿತು. ಅದರ ಹಿಂದೆಯೇ ಗೋದಾಮಿನ ಮೇಸ್ತ್ರಿಯ ಕೂಗು ಮೆಟ್ಟಿಲು ಹತ್ತಿ ಬಂತು. ಕೂಗಿನ ಹಿಂದೆ ಮೇಸ್ತ್ರಿಯೂ ಬಂದ. ಅವನ ತೋಳಿನಲ್ಲಿ ರಂಧ್ರಗಳಿದ್ದ ಒಂದು ರಟ್ಟಿನ ಡಬ್ಬ. ಅದರೊಳಗಿಂದ ಚಿಂವ್ ಚಿಂವ್ ಎಂಬ ಸದ್ದು.

"ಚಿಲಕಣ್ಣಾ, ಏನ್ ಮಾಡಿದೀಯೋ? ಸ್ಕ್ಯಾನರ್ ಎಲ್ಲ ಸತ್ತು ಬಿದ್ದಿವೆ! ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಿಲ್ದೆ ಪಾರ್ಸೆಲ್ ಎಲ್ಲಾ ನನ್ನ ಮುಖ ನೋಡ್ತಾ ಕೂತಿವೆ. ಇವು ಕೋಳಿಮರಿ ಕಣಪ್ಪ, ಉಸಿರಾಡೋ ಮಾಲು. ಬೆಲ್ಟ್ ಬಿಡು, ಇಲ್ಲಾಂದ್ರೆ ಇವನ್ನ ನೀನೇ ಸಾಕು!" ಎಂದು ಡಬ್ಬವನ್ನು ಚಿಲಕನ ಕೀಬೋರ್ಡಿನ ಮೇಲೆ ಇಟ್ಟ.

ಮೇಸ್ತ್ರಿಯ ಬೆನ್ನಿಗೇ ಪ್ರೋಗ್ರಾಮ್ ಬರೆಯುವ ಅವಸರಣ್ಣ ಓಡಿಬಂದ. ಎಲ್ಲವನ್ನೂ ಕೇಳುವ ಮೊದಲೇ ಮಾಡಿ ಮುಗಿಸುವವನಾದ್ದರಿಂದ ಅವನಿಗೆ ಆ ಹೆಸರು. "ಮೇಷ್ಟ್ರನ್ನ ಮುಚ್ಚಿದೆಯಾ? ತಲೆ ಕೆಟ್ಟಿದೆಯಾ ನಿಂಗೆ? ಅವರ ಹೆಸರು ಪ್ರತಿ ಪ್ರೋಗ್ರಾಮಿನ ಹೊಟ್ಟೇಲೂ ಇದೆ ಕಣೋ. ಸೀರೆಯಲ್ಲಿ ನೂಲಿದ್ದ ಹಾಗೆ. ಎಳೆದ್ರೆ ಸೀರೇನೇ ಇರಲ್ಲ."

"ಬೇರೆ ಹೆಸರು ಹಾಕು ಅದಕ್ಕೆ."

"ಹಾಕ್ತೀನಿ. ಮಳೆಗಾಲ ಬಿಟ್ಟು ಚಳಿಗಾಲ ಬರೋ ಹೊತ್ತಿಗೆ ಮುಗಿಯುತ್ತೆ" ಎಂದ ಅವಸರಣ್ಣ. ಅವಸರಣ್ಣನಂಥವನೇ ಹೀಗೆ ಹೇಳಿದ ಮೇಲೆ ಇನ್ನೇನು ಉಳಿಯಿತು?

ಚಿಲಕ ಕೋಳಿಮರಿಗಳ ಡಬ್ಬವನ್ನು ಪಕ್ಕಕ್ಕೆ ಸರಿಸಿ ಮೇಷ್ಟ್ರ ಅಕೌಂಟನ್ನು ಮತ್ತೆ ತೆರೆದ. ಕೆಳಗೆ ಬೆಲ್ಟು ಗಂಟಲು ಸರಿಮಾಡಿಕೊಂಡು ಮತ್ತೆ ಗೊರಗೊರ ಎಂದಿತು. "ಮೇಷ್ಟ್ರು ದೇವರಂಥೋರು" ಎಂದು ಮೇಸ್ತ್ರಿ ಡಬ್ಬ ಎತ್ತಿಕೊಂಡು ಹೋದ.

ಅಷ್ಟರಲ್ಲಿ ಆಡಿಟರಿಂದ ಬುಲಾವ್ ಬಂತು. ಈಗ ಅವರ ಮುಖದ ಮೇಲೆ ನಗುವಿರಲಿಲ್ಲ.

"ಏನ್ರೀ ಇದು? ಸ್ವಲ್ಪ ಹೊತ್ತಿನ ಮುಂಚೆ ಮೇಷ್ಟ್ರ ಅಕೌಂಟನ್ನ ಯಾರೋ ಮುಚ್ಚಿದಾರೆ. ಅವರು ಕೆಲಸ ಮಾಡ್ತಾ ಇರುವಾಗಲೇ! ಯಾರು ಅಂತ ನೋಡಿದ್ರೆ ನೀವು."

"ಕೈ ತಪ್ಪಿ ಆಯ್ತು ಸರ್."

"ನಾನು ಹೊಗಳಿದ ಮೇಲೇ ನಿಮ್ಮ ಕೈ ತಪ್ಪಿತಾ?" ಎಂದು ಆಡಿಟರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಸಂಜೆ ಅವರು ಬರಲಿ. ನಿಮ್ಮಿಂದ ಅವರಿಗೆ ಏನೇನು ತೊಂದರೆ ಆಗಿದೆ ಅಂತ ಅವರ ಬಾಯಿಂದಲೇ ಕೇಳ್ತೀನಿ."

ಬೆವರು ಒರೆಸಿಕೊಳ್ಳುತ್ತ ಹೊರಬಂದರೆ ಜೇಬಿನಲ್ಲಿ ಫೋನು ನಡುಗಿತು. ಹೆಂಡತಿ.

"ರೀ, ನಿಮ್ಮ ಈಜೋ ಚಡ್ಡಿ ಹಾಕ್ಲಾ ಬ್ಯಾಗಿಗೆ?"

"ನಂಗೆ ಈಜು ಬರಲ್ವಲ್ಲೇ."

"ನಿಮಗೆ ರಜೆ ತಗೊಳ್ಳೋದೂ ಬರಲ್ಲ. ಆದ್ರೂ ಟಿಕೆಟ್ ತೆಗೆಸಿಲ್ವಾ ನಾನು? ಕೇಳಿ ಇಲ್ಲಿ. ಈ ಸಲ ನೀವು ಬರದಿದ್ರೆ ನಾನು ನಮ್ಮಕ್ಕನ ಜೊತೆ ಹೋಗ್ತೀನಿ. ಹೋಗೋ ದಿನ ಗೊತ್ತಿದೆ, ವಾಪಸ್ ಬರೋದು ಯಾವಾಗ ಅಂತ ಮಾತ್ರ ಗೊತ್ತಿಲ್ಲ."

"ಬರ್ತೀನಿ ಕಣೇ, ಬಂದೇ ಬರ್ತೀನಿ" ಎಂದು ಚಿಲಕ ಫೋನಿಗೆ ಹೇಳಿ, ನೇರವಾಗಿ ಸಿಬ್ಬಂದಿ ವಿಭಾಗದ ಮೇಡಂ ಕೋಣೆಗೆ ನುಗ್ಗಿದ.

ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ಬಿಡುಗಡೆ ಮಾಡಬೇಕು, ಯಾರಿಗೆ ರಜೆ ಕೊಡಬಾರದು ಎಂಬುದೆಲ್ಲ ಆ ಮೇಡಂ ಕೈಯಲ್ಲಿ. ನಿಯಮಗಳು ಅವರಿಗೆ ಬಾಯಿಪಾಠ. ಅವು ಯಾಕಿವೆ ಎಂಬುದು ಅವರ ಕೆಲಸವಲ್ಲ. ಚಿಲಕ ಕತೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದ.

"ಮೇಡಂ, ನೀವು ಮೇಷ್ಟ್ರನ್ನ ಬಿಡುಗಡೆ ಮಾಡಿದ್ದು ಯಾವಾಗ?"

"ಎಲ್ಲಿ ಮಾಡಿದೆ? ಅವರು ಐಡಿ ಕಾರ್ಡ್ ವಾಪಸ್ ಕೊಟ್ಟಿಲ್ವಲ್ಲ. ಕಾರ್ಡ್ ಕೊಡದೆ ಇವತ್ತಿನವರೆಗೆ ಯಾರನ್ನೂ ಕಂಪನಿಯಿಂದ ಕಳಿಸಿಲ್ಲ ನಾನು."

"ಮೇಡಂ, ಅವರು ಲೋಕದಿಂದಲೇ ಹೊರಟುಹೋಗಿದಾರೆ. ನೀವೂ ಬಂದಿದ್ರಿ ಅವತ್ತು."

"ಬಂದಿದ್ದೆ. ಮನಸ್ಸಿಗೆ ತುಂಬಾ ನೋವಾಯ್ತು. ಎಂಥ ಮನುಷ್ಯ!" ಎಂದು ಮೇಡಂ ಕಣ್ಣಂಚು ಒರೆಸಿಕೊಂಡರು. ನಿಜವಾಗಿಯೂ ಒದ್ದೆಯಾಗಿತ್ತು. "ಆದ್ರೆ ಲೋಕದಿಂದ ಹೋಗೋದು ದೇವರಿಚ್ಛೆ. ಕಂಪನಿಯಿಂದ ಹೋಗೋಕೆ ನನ್ನ ಸಹಿ ಬೇಕು."

ಚಿಲಕನಿಗೆ ಕತ್ತಲೆಯಲ್ಲಿ ಕಿಟಕಿ ತೆರೆದಂತಾಯಿತು. ಬಿಡುಗಡೆಯೇ ಆಗಿಲ್ಲವೆಂದರೆ, ಇವತ್ತೇ ಮಾಡಬಹುದು! ಇವತ್ತು ಬಿಡುಗಡೆಯಾದವರ ಅಕೌಂಟನ್ನು ಇವತ್ತು ರಾತ್ರಿಯೊಳಗೆ ಮುಚ್ಚಿದರೆ ಸಾಕು, ನಿಯಮಕ್ಕೆ ಏನೂ ಭಂಗವಿಲ್ಲ. ರಾತ್ರಿಯಾಗುವಷ್ಟರಲ್ಲಿ ಆಡಿಟರು ತಮ್ಮ ಮನೆಯಲ್ಲಿ, ತಾನು ರೈಲಿನ ಯೋಚನೆಯಲ್ಲಿ; ಆಮೇಲೆ ಅಕೌಂಟ್ ತೆರೆದಿದ್ದರೆ ನೋಡುವವರು ಯಾರು?

"ಕಾರ್ಡ್ ತನ್ನಿ, ಐದು ನಿಮಿಷದಲ್ಲಿ ಬಿಡುಗಡೆ ಮಾಡಿಕೊಡ್ತೀನಿ" ಎಂದರು ಮೇಡಂ.

"ಕಳೆದುಹೋಗಿದೆ ಅಂತ ಬರೆದುಕೊಟ್ರೆ ಆಗಲ್ವಾ?"

"ಆಗುತ್ತಲ್ಲ. ಆದ್ರೆ ಕಳಕೊಂಡೋರೇ ಬಂದು ಬರೆದುಕೊಡಬೇಕು."

ಮೆಟ್ಟಿಲಿನಲ್ಲಿ ಮ್ಯಾನೇಜರು ಅಡ್ಡ ಸಿಕ್ಕರು. ಅವರ ಮುಖ ಬೆಳಗುತ್ತಿತ್ತು. "ರೀ, ಯಾರೋ ಮೇಷ್ಟ್ರು ಅಂತೆ ನಮ್ಮಲ್ಲಿ! ಆಡಿಟರು ಬಾಯಿತುಂಬಾ ಹೊಗಳ್ತಾ ಇದಾರೆ. ನಾನು ಬಂದಾಗಿಂದ ಅವರನ್ನ ನೋಡೇ ಇಲ್ಲ. ಒಂದು ಹೂಗುಚ್ಛ ತರಿಸಿದೀನಿ. ಸಂಜೆ ಸನ್ಮಾನ ಮಾಡೋಣ. ಸ್ವಲ್ಪ ನಾಚಿಕೆ ಸ್ವಭಾವದವರೇನೋ ಅಲ್ವಾ?"

"ಕಾಣಿಸ್ಕೊಳ್ಳೋದು ಕಮ್ಮಿ ಸರ್" ಎಂದು ಚಿಲಕ ಅವರ ಕಂಕುಳ ಕೆಳಗಿನಿಂದ ನುಸುಳಿ ಬೀದಿಗೆ ಓಡಿದ.

ಮೇಷ್ಟ್ರ ಮನೆ ಎರಡು ಬೀದಿಯಾಚೆ, ಹೊಲಿಗೆ ಅಂಗಡಿಯ ಮೇಲೆ. ಬಾಗಿಲು ತೆರೆದ ಮೇಷ್ಟ್ರ ಹೆಂಡತಿ ಇವನನ್ನು ಕಂಡು, "ಬಾಪ್ಪಾ, ಊಟದ ಹೊತ್ತಿಗೆ ಬಂದೆ, ಕೂತ್ಕೋ" ಎಂದರು. ಅವನು ಕೂತ. ಗೋಡೆಯ ಮೇಲಿನ ಫೋಟೋದಿಂದ ಮೇಷ್ಟ್ರು, ಏನೋ ತಪ್ಪು ಮಾಡಿ ಬಂದಿದ್ದೀಯೆ ಎಂಬಂತೆ ನೋಡಿದರು. ಬದುಕಿದ್ದಾಗಲೂ ಹಾಗೆಯೇ ನೋಡುತ್ತಿದ್ದರು. ಹೆಚ್ಚಾಗಿ ಅವರ ಊಹೆ ಸರಿಯಾಗಿಯೇ ಇರುತ್ತಿತ್ತು.

"ಅಮ್ಮಾ, ಮೇಷ್ಟ್ರು ಇನ್ನೂ ಕಂಪನಿಯಲ್ಲಿ ಕೆಲಸದಲ್ಲಿದಾರೆ" ಎಂದು ಚಿಲಕ, ಬೇರೆ ಹೇಗೆ ಹೇಳಬೇಕೆಂದು ತಿಳಿಯದೆ, ನೇರವಾಗಿಯೇ ಹೇಳಿಬಿಟ್ಟ.

ಅಮ್ಮ ಸ್ವಲ್ಪವೂ ಆಶ್ಚರ್ಯಪಡಲಿಲ್ಲ. "ಗೊತ್ತಪ್ಪಾ. ಪ್ರತಿ ವರ್ಷ ಹುಟ್ಟುಹಬ್ಬಕ್ಕೆ ಅವರ ಫೋನಿಗೆ ನಿಮ್ಮ ಕಂಪನಿಯಿಂದ ಮೆಸೇಜ್ ಬರುತ್ತೆ. 'ನಿಮ್ಮ ಆರೋಗ್ಯವೇ ನಮ್ಮ ಬಲ' ಅಂತ. ಬದುಕಿದ್ದಾಗ ಹೊತ್ತಿಗೆ ಸರಿಯಾಗಿ ಮನೆಗೆ ಬಿಡಲಿಲ್ಲ. ಈಗಲೂ ಬಿಡಲ್ವಾ ಅವರನ್ನ?"

"ಬಿಡೋಕೇ ಬಂದಿದೀನಿ ಅಮ್ಮಾ. ಅವರ ಐಡಿ ಕಾರ್ಡ್ ಬೇಕು."

ಅಮ್ಮ ತಟ್ಟೆ ತರಲು ಎದ್ದವರು ಅಲ್ಲೇ ನಿಂತರು. "ಅದು ಅವರ ಜೊತೇಲೇ ಹೋಯ್ತಲ್ಲಪ್ಪ."

"ಜೊತೇಲಿ ಅಂದ್ರೆ?"

"ಕತ್ತಿಗೆ ಹಾಕಿಯೇ ಕಳಿಸಿದೆ ನಾನು. ದಿನಾ ಬೆಳಿಗ್ಗೆ ಚಪ್ಪಲಿ ಮೆಟ್ಟಿದ ಮೇಲೆ ಕಾರ್ಡ್ ಮರೆತೆ ಅಂತ ವಾಪಸ್ ಓಡಿ ಬರ್ತಿದ್ರು. 'ಅದಿಲ್ದಿದ್ರೆ ಗೇಟಲ್ಲಿ ಒಳಗೆ ಬಿಡಲ್ಲ ಕಣೇ' ಅಂತಿದ್ರು. ಅಲ್ಲೂ ಒಂದು ಗೇಟ್ ಇದ್ರೆ? ಒಬ್ಬರೇ ಹೊರಗೆ ನಿಂತಿರ್ತಾರಲ್ಲಾ ಅನ್ನಿಸ್ತು."

ಚಿಲಕ ಗೋಡೆಯ ಫೋಟೋ ಕಡೆ ನೋಡಿದ. ಕೆಳಗೆ ಹೊಲಿಗೆ ಯಂತ್ರ ಕಟಕಟ ಎನ್ನುತ್ತಿತ್ತು.

"ಒಳಗೆ ಬಿಟ್ಟಿರ್ತಾರೆ ಅಮ್ಮಾ" ಎಂದ ಕೊನೆಗೆ. "ಕಾರ್ಡ್ ಸರಿಯಾಗಿತ್ತು. ಇವತ್ತಿಗೂ ಅದನ್ನ ಯಾರೂ ರದ್ದು ಮಾಡಿಲ್ಲ."

"ಹೌದಾ?" ಎಂದ ಅಮ್ಮನ ಮುಖ ಅರಳಿತು. "ಹಾಗಾದ್ರೆ ಸರಿ. ಊಟ ಮಾಡು."

ಹೊಟ್ಟೆ ತುಂಬಾ ಉಂಡು, ಕೈ ಬೀಸಿಕೊಂಡು ಚಿಲಕ ಕಚೇರಿಗೆ ಮರಳಿದ. ಕಾರ್ಡಿನ ಸಂಗತಿಯನ್ನು ಮೇಡಂಗೆ ತಿಳಿಸಿದ. "ಅಯ್ಯೋ ಪಾಪ" ಎಂದ ಮೇಡಂ, "ಹಾಗಾದ್ರೆ ಬಿಡುಗಡೆ ಆಗಲ್ಲ" ಎಂದು ಸೇರಿಸಿದರು. ಇನ್ನು ಉಳಿದದ್ದು ಒಂದೇ ದಾರಿ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದು. ಆಡಿಟ್ ಬಿದ್ದರೆ ಬೀಳಲಿ, ರೈಲು ಹೋದರೆ ಹೋಗಲಿ. ಫೋಟೋದೊಳಗಿನ ಆ ನೋಟದ ಎದುರು ಸುಳ್ಳು ಹೇಳಿಕೊಂಡು ಎಷ್ಟು ದೂರ ಹೋದಾನು?

ಸಂಜೆಯ ಮೀಟಿಂಗಿಗೆ ಎಲ್ಲರೂ ಸೇರಿದರು. ಆಡಿಟರು ನಡುವೆ, ಅವರ ಬಲಕ್ಕೆ ಹೂಗುಚ್ಛ ಹಿಡಿದ ಮ್ಯಾನೇಜರು, ಎಡಕ್ಕೆ ಮೇಡಂ. ಗೋದಾಮಿನ ಮೇಸ್ತ್ರಿಯೂ ಅವಸರಣ್ಣನೂ ಎದುರಿಗೆ. ಒಂದು ಕುರ್ಚಿಯನ್ನು ಮೇಷ್ಟ್ರಿಗೆಂದು ಖಾಲಿ ಬಿಟ್ಟಿದ್ದರು. ಚಿಲಕ ಎದ್ದು ನಿಂತ.

"ಸರ್, ಮೇಷ್ಟ್ರು ಬರಲ್ಲ. ಅವರು ತೀರಿಹೋಗಿ ಎರಡು ವರ್ಷ ಆಯ್ತು."

ಮ್ಯಾನೇಜರ ಕೈಯಲ್ಲಿದ್ದ ಹೂಗುಚ್ಛ ಒಂದು ಗೇಣು ಕೆಳಗಿಳಿಯಿತು. ಆಡಿಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ನಿನ್ನೆ ರಾತ್ರಿಯೆಲ್ಲ ಕೆಲಸ ಮಾಡಿದಾರೆ."

"ಅವರಲ್ಲ ಸರ್, ಅವರ ಹೆಸರಲ್ಲಿ ಪ್ರೋಗ್ರಾಮುಗಳು."

"ಬೆಳಿಗ್ಗೆ ಏನಂದ್ರಿ? ಇವತ್ತು ಬಂದಿಲ್ಲ ಅಂದ್ರಿ."

"ಬಂದಿಲ್ಲ ಸರ್."

"ಫೋನ್ ಎತ್ತಲ್ಲ ಅಂದ್ರಿ."

"ಎತ್ತಲ್ಲ ಸರ್."

"ಈಗ ಸತ್ತೇಹೋಗಿದಾರೆ ಅಂತೀರಿ!" ಆಡಿಟರ ಧ್ವನಿ ಏರಿತು. "ಬೆಳಿಗ್ಗೆ ಅವರ ಕೈ ಕಟ್ಟಿದ್ರಿ, ಸಂಜೆಗೆ ಪ್ರಾಣಾನೇ ತೆಗೆದ್ರಿ. ಒಬ್ಬ ಒಳ್ಳೇ ಕೆಲಸಗಾರನ್ನ ಕಂಡ್ರೆ ಇಷ್ಟು ಹೊಟ್ಟೆಕಿಚ್ಚಾ ನಿಮಗೆ?"

"ಅಣ್ಣ ಹೇಳೋದು ನಿಜ ಸಾರ್" ಎಂದು ಮೇಸ್ತ್ರಿ ಎದ್ದ. "ನಾನೂ ಹೋಗಿದ್ದೆ ಅವತ್ತು."

"ಪುರಾವೆ ಏನಿದೆ ನಿಮ್ಮ ಹತ್ತಿರ?"

"ಅತ್ತಿದ್ದೆ ಸಾರ್."

"ಅಳು ಪುರಾವೆ ಅಲ್ಲ. ಕೂತ್ಕೊಳ್ಳಿ." ಆಡಿಟರು ಮೇಡಂ ಕಡೆ ತಿರುಗಿದರು. "ಮೇಡಂ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಈ ಮೇಷ್ಟ್ರು ನಿಮ್ಮ ನೌಕರರಾ?"

"ಹೌದು ಸರ್."

"ಅವರನ್ನ ಬಿಡುಗಡೆ ಮಾಡಿದೀರಾ?"

"ಇಲ್ಲ ಸರ್."

"ಐಡಿ ಕಾರ್ಡ್ ವಾಪಸ್ ಕೊಟ್ಟಿದಾರಾ?"

"ಇಲ್ಲ ಸರ್, ಅವರ ಕತ್ತಲ್ಲೇ ಇದೆ."

"ಮುಗೀತಲ್ಲ!" ಎಂದು ಆಡಿಟರು ಮೇಜು ಗುದ್ದಿದರು. "ಕತ್ತಲ್ಲಿ ಕಾರ್ಡಿರೋ ಮನುಷ್ಯ ಕೆಲಸ ಬಿಟ್ಟಿದಾನೆ ಅಂತ ನಾನು ಹೇಗೆ ಬರೀಲಿ?"

"ಸರ್, ಅವರ ಮನೆಯವರನ್ನೇ ಕರ್ಕೊಂಡು ಬರ್ತೀನಿ..." ಎಂದು ಚಿಲಕ ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಕೆಳಗೆ ಅವನ ಕಾಲ್ಬೆರಳುಗಳ ಮೇಲೆ ಮ್ಯಾನೇಜರ ಬೂಟು ಬಂದು ಕುಳಿತಿತು. ಮೇಷ್ಟ್ರು ಸತ್ತಿದ್ದರೆ ಆಡಿಟ್ ಸತ್ತಿತು, ಮೇಷ್ಟ್ರು ಇದ್ದರೆ ಆಡಿಟ್ ಗೆದ್ದಿತು ಎಂಬ ಲೆಕ್ಕ ಅವರಿಗೆ ತಿಳಿಯುವುದು ತಡವಾಗಲಿಲ್ಲ. ಚಿಲಕ ನೋವಿಗೆ ಬಾಯಿ ಮುಚ್ಚಿದ.

ಆಡಿಟರು ತೀರ್ಪು ಹೇಳಿದರು. ಅಕೌಂಟುಗಳೆಲ್ಲ ಸರಿಯಾಗಿವೆ. ಕೆಲಸ ಬಿಟ್ಟವರದು ಒಂದೂ ತೆರೆದಿಲ್ಲ. ಆಡಿಟ್ ಕ್ಲೀನು. ತಿದ್ದಬೇಕಾದದ್ದು ಒಂದೇ: ಯಾರ ಅಕೌಂಟನ್ನಾದರೂ ಇಷ್ಟಬಂದಾಗ ಮುಚ್ಚಿ, ಇಷ್ಟಬಂದಾಗ ತೆರೆಯುವ ಅಧಿಕಾರ ಒಬ್ಬನ ಕೈಯಲ್ಲಿ, ಅದೂ ಇಂಥ ಅಸೂಯೆಯ ಮನುಷ್ಯನ ಕೈಯಲ್ಲಿ ಇರಕೂಡದು. "ಇವತ್ತಿಂದ ಇವರು ಮೇಷ್ಟ್ರ ಕೈಕೆಳಗೆ ಕೆಲಸ ಮಾಡಲಿ. ಏನು ಮಾಡೋದಾದ್ರೂ ಮೇಷ್ಟ್ರ ಒಪ್ಪಿಗೆ ಪಡೀಲಿ."

ಅವರ ಮಾತು ಮುಗಿಯುವುದರೊಳಗೆ ಅವಸರಣ್ಣ ಲ್ಯಾಪ್‌ಟಾಪ್ ತೆರೆದು ಚಿಲಕನ ಅಧಿಕಾರಗಳನ್ನೆಲ್ಲ ಕಿತ್ತು ಮೇಷ್ಟ್ರ ಕೆಳಗೆ ಸೇರಿಸಿಬಿಟ್ಟಿದ್ದ. ಮ್ಯಾನೇಜರು ಹೂಗುಚ್ಛವನ್ನು ಖಾಲಿ ಕುರ್ಚಿಯ ಮೇಲೆ ಇಟ್ಟು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಚಿಲಕನೂ ತಟ್ಟಿದ. ಒಂದು ಲೆಕ್ಕಕ್ಕೆ ಅವನಿಗೆ ಸಂತೋಷವೇ ಆಗಿತ್ತು. ಮೇಷ್ಟ್ರ ಕೈಕೆಳಗೆ ಕೆಲಸ ಮಾಡುವುದು ಅವನಿಗೇನು ಹೊಸದೇ? ಅಧಿಕಾರ ಹೋದರೆ ಹೋಗಲಿ, ಆಡಿಟ್ ಕ್ಲೀನಾಯಿತಲ್ಲ!

ಆಡಿಟರನ್ನು ಕಾರು ಹತ್ತಿಸಿ ಬಂದ ಮ್ಯಾನೇಜರು ಮಾತಿಗೆ ತಪ್ಪಲಿಲ್ಲ. "ಹೋಗಿ ಬನ್ನಿ, ಹದಿನೈದು ದಿನ ಈ ಕಡೆ ತಲೆ ಹಾಕಬೇಡಿ" ಎಂದು ಬೆನ್ನು ತಟ್ಟಿದರು. ಚಿಲಕ ಮೇಡಂ ಕೋಣೆಗೆ ಹಾರಿಕೊಂಡೇ ಹೋದ.

"ಮೇಡಂ, ನನ್ನ ರಜೆ ಹಾಕಿಬಿಡಿ. ನಾಳೆಯಿಂದ. ಮ್ಯಾನೇಜರು ಒಪ್ಪಿದಾರೆ."

ಮೇಡಂ ಪರದೆಯಲ್ಲಿ ಅವನ ಹೆಸರು ಹುಡುಕಿದರು. ಒಂದೆರಡು ಕಡೆ ಒತ್ತಿದರು. ತುಟಿ ಕಚ್ಚಿಕೊಂಡರು.

"ನಾಳೆಯಿಂದ ಆಗಲ್ವಲ್ಲ."

"ಯಾಕೆ ಮೇಡಂ?"

"ನಿನ್ನೆವರೆಗೆ ನಿಮ್ಮ ವಿಭಾಗದಲ್ಲಿ ನೀವೊಬ್ಬರೇ ಇದ್ರಿ. ಇವತ್ತಿಂದ ಇಬ್ಬರು. ನೀವು, ನಿಮ್ಮ ಮೇಲೆ ಮೇಷ್ಟ್ರು. ಒಂದು ವಿಭಾಗದಲ್ಲಿ ಇಬ್ಬರಿದ್ರೆ ಇಬ್ಬರೂ ಒಟ್ಟಿಗೆ ರಜೆ ಮೇಲೆ ಹೋಗೋ ಹಾಗಿಲ್ಲ. ಒಬ್ಬರಾದ್ರೂ ಹಾಜರಿರಬೇಕು."

"ಒಟ್ಟಿಗೆ ಎಲ್ಲಿ ಹೋಗ್ತಿದೀವಿ ಮೇಡಂ? ನಾನೊಬ್ಬನೇ ತಾನೇ ಹೋಗ್ತಿರೋದು?"

"ಮೇಷ್ಟ್ರು ಆಗಲೇ ರಜೆ ಮೇಲಿದಾರಲ್ಲ."

"ಮೇಷ್ಟ್ರು? ರಜೆ ಮೇಲೆ?"

"ಮತ್ತೆ? ಬಿಡುಗಡೆಯೂ ಆಗಿಲ್ಲ, ಕೆಲಸಕ್ಕೂ ಬಂದಿಲ್ಲ. ಅಂಥೋರ ಹಾಜರಿಗೆ ಏನಂತ ಹಾಕಲಿ ನಾನು? ಸಂಬಳವಿಲ್ಲದ ರಜೆ ಅಂತ ಹಾಕ್ತಾ ಬಂದಿದೀನಿ" ಎಂದ ಮೇಡಂ, ಚಿಲಕನ ಮುಖ ನೋಡಿ ಕರಗಿ, ತಾಯಿಯಂತೆ ಸಮಾಧಾನ ಹೇಳಿದರು. "ಬೇಜಾರು ಮಾಡ್ಕೋಬೇಡಿ. ಅವರು ರಜೆ ಮುಗಿಸಿ ಬರಲಿ. ಬಂದ ಮಾರನೇ ದಿನವೇ ನಿಮ್ಮನ್ನ ಕಳಿಸಿಕೊಡ್ತೀನಿ. ಇದು ನನ್ನ ಮಾತು."

ಫೋನು ನಡುಗಿತು. ಚಿಲಕ ಅದನ್ನು ಕಿವಿಗಿಟ್ಟುಕೊಂಡ.

"ರೀ, ಆಡಿಟ್ ಏನಾಯ್ತು?"

"ಕ್ಲೀನಾಯ್ತು."

"ಅಬ್ಬಾ! ರಜೆ?"

"ಅದು ಸಿಗುತ್ತೆ ಕಣೇ. ನಮ್ಮ ವಿಭಾಗದಲ್ಲಿ ಇನ್ನೊಬ್ಬರು ರಜೆ ಮೇಲಿದಾರೆ. ಅವರು ವಾಪಸ್ ಬಂದ ತಕ್ಷಣ ನಾನು ಹೊರಡಬಹುದು."

"ಯಾವಾಗ ಬರ್ತಾರಂತೆ?"

"ಏನೂ ಹೇಳಿ ಹೋಗಿಲ್ಲ."

"ಎಲ್ಲಿಗೆ ಹೋಗಿದಾರೆ ಅವರು?"

ಚಿಲಕ ಕಿಟಕಿಯಿಂದ ಮೇಲೆ ನೋಡಿದ. ಒಂದು ಮೋಡವೂ ಇರಲಿಲ್ಲ. "ನಾನು ನೋಡಿಲ್ಲ. ಆದ್ರೆ ಜಾಗ ತುಂಬಾ ಚೆನ್ನಾಗಿದೆ ಅಂತ ಹಿರಿಯರು ಹೇಳ್ತಾರೆ. ಹೋದೋರು ಯಾರೂ ವಾಪಸ್ ಬರೋ ಮಾತೇ ಆಡಲ್ಲವಂತೆ."

ಆ ಕಡೆಯಿಂದ ನಿಟ್ಟುಸಿರು ಕೇಳಿಸಿತು.

"ನೋಡಿದ್ರಾ, ಎಲ್ಲರೂ ಎಂತೆಂಥ ಜಾಗಕ್ಕೆ ಹೋಗ್ತಾರೆ! ನಾನು ನಾಳೆ ನಮ್ಮಕ್ಕನ ಜೊತೆ ಸಮುದ್ರಕ್ಕೆ ಹೋಗಿ ಬರ್ತೀನಿ. ನೀವು ಆಫೀಸಲ್ಲಿ ಸುಮ್ಮನೆ ಕೂರೋ ಬದಲು ಅಲ್ಲಿಗೆ ಹೋಗೋಕೆ ಏನೇನು ಬೇಕು ಅಂತ ವಿಚಾರಿಸಿಡಿ. ಮುಂದಿನ ಸಲ ಇಬ್ಬರೂ ಅಲ್ಲಿಗೇ ಹೋಗೋಣ!"